ಬೆರಳಿಗೆ ಕಟ್ಟಿದ ಬೆಲೆ

ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡುವ ಇಬ್ಬರು ಒಂದೆಡೆ ಸೇರಿದರೆ ಅವರ ಮಾತು ಬಹುಮಟ್ಟಿಗೆ ಮೂರು ವಿಷಯಗಳ ಸುತ್ತ ಸುತ್ತುತ್ತದೆ. ಮೊದಲನೆಯದು, ಸದ್ಯ ಏನು ಮಾಡುತ್ತಿದ್ದೀರಿ ಎಂಬುದು. ಒಬ್ಬರು ಮಗಳಿಗೆ ಓದುವ ಮೇಜು ಮಾಡುತ್ತಿರುತ್ತಾರೆ; ಇನ್ನೊಬ್ಬರು ಅಜ್ಜಿಯ ಕಾಲದ ತೊಟ್ಟಿಲನ್ನು ದುರಸ್ತಿಗೆ ಎತ್ತಿಕೊಂಡಿರುತ್ತಾರೆ. ಎರಡನೆಯದು ಹತ್ಯಾರಗಳ ವಿಚಾರ. ಯಾವ ಉಳಿಯ ಉಕ್ಕು ಗಟ್ಟಿ, ತೇಗಕ್ಕೆ ಎಷ್ಟು ಹಲ್ಲಿನ ಗರಗಸ ಬೇಕು, ತೋಪಡದ ಅಲಗು ಮಸೆಯಲು ಯಾವ ಕಲ್ಲು ಒಳ್ಳೆಯದು ಎಂಬಂಥ ಮಾತುಗಳಿಗೆ ಕೊನೆಯೇ ಇರುವುದಿಲ್ಲ. ಮೂರನೆಯದು ಎಚ್ಚರಿಕೆಯ ಮಾತು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ; ತಿರುಗುವ ಗರಗಸದ ಬಳಿ ಕೈಗವಸು ಬೇಡ, ಸಡಿಲ ತೋಳಿನ ಅಂಗಿಯೂ ಬೇಡ; ಸಣ್ಣ ತುಂಡನ್ನು ಬೆರಳಿನಿಂದ ತಳ್ಳದೆ ಕೋಲಿನಿಂದ ತಳ್ಳಿ; ಧೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಿ; ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ.

ಕೇಳುವವರಿಗೆ ಇವು ಸಾಮಾನ್ಯ ತಿಳುವಳಿಕೆಯ ಮಾತುಗಳೆನಿಸಬಹುದು. ಆದರೆ ಈ ಪಟ್ಟಿಯ ಹಿಂದೆ ಎರಡು ಶತಮಾನಗಳ ಇತಿಹಾಸವಿದೆ. ಯಾರೋ ಬೆರಳು ಕಳೆದುಕೊಂಡ ಮೇಲೆ, ಯಾರೋ ಕ್ಯಾನ್ಸರ್‌ಗೆ ತುತ್ತಾದ ಮೇಲೆ, ಯಾವುದೋ ಕಟ್ಟಡ ಸುಟ್ಟ ಮೇಲೆ ಈ ಮಾತುಗಳಿಗೆ ತೂಕ ಬಂದಿದೆ. ಹಾಗೆ ಬೆಲೆ ತೆತ್ತವರಲ್ಲಿ ಹೆಚ್ಚಿನವರು ಹವ್ಯಾಸಿಗಳಲ್ಲ, ಹೊಟ್ಟೆಪಾಡಿಗಾಗಿ ದುಡಿದ ಕೂಲಿಕಾರರು. ಅವರ ನೋವಿನಿಂದ ಹುಟ್ಟಿದ ತಿಳುವಳಿಕೆ ಹವ್ಯಾಸಿಯ ಮನೆ ಸೇರಿದ್ದು ಹೇಗೆ? ಅದೇ ತಿಳುವಳಿಕೆ ನಮ್ಮ ಊರಿನ ಬಡಗಿಯ ಕೈಗೆ ಇನ್ನೂ ಪೂರ್ತಿಯಾಗಿ ತಲುಪದಿರುವುದೇಕೆ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಆ ಇತಿಹಾಸವನ್ನು ಒಮ್ಮೆ ನೋಡಬಹುದು.

ಅರಮನೆಯ ಬಡಗಿಗಳು

ಮರಗೆಲಸ ಹವ್ಯಾಸವಾಗಿ ಮೊದಲು ಕಾಣಿಸಿಕೊಳ್ಳುವುದು ಅರಮನೆಗಳಲ್ಲಿ. ಹೊಟ್ಟೆಯ ಚಿಂತೆ ಇಲ್ಲದವನಿಗೆ ಮಾತ್ರ ಕೆಲಸವೂ ಆಟವಾಗಬಲ್ಲದು. ರಷ್ಯಾದ ದೊರೆ ಮಹಾ ಪೀಟರನಿಗೆ ಕಡೆಯುವ ಯಂತ್ರವೆಂದರೆ ಪ್ರಾಣ. ಆಂದ್ರೇ ನಾರ್ತೋವ್ ಎಂಬ ನುರಿತ ತಂತ್ರಜ್ಞನನ್ನು ಇಟ್ಟುಕೊಂಡು ಆತ ಮರ ಮತ್ತು ದಂತದ ವಸ್ತುಗಳನ್ನು ತನ್ನ ಕೈಯಾರೆ ಕಡೆಯುತ್ತಿದ್ದ. ಒಟ್ಟೋಮನ್ ರಾಜಮನೆತನದಲ್ಲಿ ರಾಜಕುಮಾರರು ಯಾವುದಾದರೂ ಒಂದು ಕೈಕಸುಬನ್ನು ಕಲಿಯುವ ಪದ್ಧತಿಯೇ ಇತ್ತು. ಸುಲೈಮಾನ್ ಅಕ್ಕಸಾಲಿಗನ ಕೆಲಸ ಕಲಿತಿದ್ದ. 1876ರಿಂದ 1909ರವರೆಗೆ ಆಳಿದ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಕಲಿತದ್ದು ಬಡಗಿತನವನ್ನು.

ಇಸ್ತಾಂಬುಲ್‌ನ ಯಿಲ್ದಿಜ್ ಅರಮನೆಯ ಆವರಣದಲ್ಲಿ ಆತನಿಗೆ ಒಂದು ಮರಗೆಲಸದ ಕಾರ್ಯಾಗಾರವಿತ್ತು. ಆತ ತನ್ನ ಕೈಯಾರೆ ಮಾಡಿದ ಪೀಠೋಪಕರಣಗಳನ್ನು ಇಂದಿಗೂ ಟರ್ಕಿಯಲ್ಲಿ ಕಾಪಾಡಿಕೊಂಡು ಬರಲಾಗಿದೆ. ಅಬ್ದುಲ್ ಹಮೀದರ ಆಡಳಿತದ ಬಗ್ಗೆ ಇತಿಹಾಸಕಾರರಲ್ಲಿ ತೀವ್ರ ಭಿನ್ನಾಭಿಪ್ರಾಯಗಳಿವೆ. ಆದರೆ ಬಡಗಿಯಾಗಿ ಆತ ಪಳಗಿದ ಕೈ ಎಂಬುದನ್ನು ಆತನ ವಿರೋಧಿಗಳೂ ಅಲ್ಲಗಳೆದಂತಿಲ್ಲ. ರಾಜ್ಯಭಾರದ ಚಿಂತೆಯಿಂದ ತುಸು ಹೊತ್ತು ಬಿಡುಗಡೆ ಪಡೆಯಲು ಆತ ಉಳಿ, ಗರಗಸಗಳ ಬಳಿಗೆ ಹೋಗುತ್ತಿದ್ದ.

ಈ ದೊರೆಗಳ ಬಳಿ ಇದ್ದ ಒಂದು ಸೌಲಭ್ಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೈ ಸೋತಾಗ, ಕಣ್ಣು ಮಂಜಾದಾಗ, ಮನಸ್ಸು ಬೇರೆಡೆ ಹರಿದಾಗ ಅವರು ‘ಇವತ್ತಿಗೆ ಸಾಕು’ ಎಂದು ಉಳಿಯನ್ನು ಕೆಳಗಿಡಬಹುದಿತ್ತು. ಮುಂದೆ ಯಂತ್ರದ ಎದುರು ನಿಂತ ಕೂಲಿಕಾರನಿಗೆ ಆ ಮಾತನ್ನು ಆಡುವ ಅಧಿಕಾರ ಇರಲಿಲ್ಲ.

ಯಂತ್ರ ಬಂದ ಮೇಲೆ

ಉಳಿ, ಬಾಚಿ, ಕೈಗರಗಸಗಳಿಂದಲೂ ಗಾಯಗಳಾಗುತ್ತವೆ. ಆದರೆ ಕೈಗರಗಸದ ವೇಗ ಅದನ್ನು ಹಿಡಿದವನ ತೋಳಿನ ವೇಗವೇ ಆಗಿರುತ್ತದೆ. ಚರ್ಮಕ್ಕೆ ತಗುಲಿದ ಕೂಡಲೇ ಕೈ ತಾನಾಗಿ ನಿಲ್ಲುತ್ತದೆ. ಯಂತ್ರದ ಅಲಗಿಗೆ ಆ ಅರಿವು ಇಲ್ಲ.

ಮರಗೆಲಸದ ಯಂತ್ರೀಕರಣಕ್ಕೆ ದೊಡ್ಡ ತಳ್ಳು ಕೊಟ್ಟದ್ದು ಯುದ್ಧನೌಕೆಗಳು. ಹಾಯಿಯ ಹಗ್ಗಗಳನ್ನು ಎಳೆಯಲು ಒಂದೊಂದು ದೊಡ್ಡ ಹಡಗಿಗೂ ಸುಮಾರು ಸಾವಿರ ಮರದ ರಾಟೆಗಳು ಬೇಕಾಗುತ್ತಿದ್ದವು. 18ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಾಲ್ಟರ್ ಟೇಲರ್ ಈ ರಾಟೆಗಳನ್ನು ತಯಾರಿಸಲು ದುಂಡು ಗರಗಸ ಬಳಸುತ್ತಿದ್ದ. ತತ್ವಜ್ಞಾನಿ ಜೆರೆಮಿ ಬೆಂಥಾಮನ ತಮ್ಮ ಸ್ಯಾಮ್ಯುಯೆಲ್ ಬೆಂಥಾಮ್ 1790ರ ದಶಕದಲ್ಲಿ ಹಲವು ಬಗೆಯ ಮರಗೆಲಸದ ಯಂತ್ರಗಳಿಗೆ ಪೇಟೆಂಟ್ ಪಡೆದ. 19ನೇ ಶತಮಾನದ ಮೊದಲ ದಶಕದಲ್ಲಿ ಮಾರ್ಕ್ ಬ್ರುನೆಲ್ ಯೋಜಿಸಿ, ಹೆನ್ರಿ ಮಾಡ್ಸ್‌ಲೇ ನಿರ್ಮಿಸಿದ ಯಂತ್ರಗಳು ಪೋರ್ಟ್ಸ್‌ಮತ್ ನೌಕಾನೆಲೆಗೆ ಬಂದವು. ಅಲ್ಲಿ 110 ಮಂದಿ ಮಾಡುತ್ತಿದ್ದ ಕೆಲಸವನ್ನು 10 ಮಂದಿ ಮಾಡತೊಡಗಿದರು. ವರ್ಷಕ್ಕೆ 1,30,000 ರಾಟೆಗಳು ತಯಾರಾದವು. ಕೈಗಾರಿಕಾ ಕ್ರಾಂತಿಯ ಚರಿತ್ರೆಯಲ್ಲಿ ಇದನ್ನು ಒಂದು ಮೈಲಿಗಲ್ಲೆಂದು ಹೊಗಳುತ್ತಾರೆ, ಹೊಗಳಬೇಕಾದದ್ದೇ.

ಆದರೆ ಯಂತ್ರವು ಮರದ ಸ್ವಭಾವವನ್ನು ಬದಲಿಸಲಿಲ್ಲ. ಹಲಗೆಯನ್ನು ಉದ್ದಕ್ಕೆ ಸೀಳುವಾಗ ಮರದೊಳಗಿನ ಬಿಗುವು ಸಡಿಲಗೊಂಡು ಕೆಲವೊಮ್ಮೆ ಸೀಳು ಮತ್ತೆ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಂಡ ಹಲಗೆ ತಿರುಗುವ ಗರಗಸದ ಹಿಂಭಾಗವನ್ನು ಕಚ್ಚಿದರೆ, ಅಲ್ಲಿ ಮೇಲಕ್ಕೇಳುತ್ತಿರುವ ಹಲ್ಲುಗಳು ಹಲಗೆಯನ್ನು ಎತ್ತಿ ಕೆಲಸಗಾರನ ಕಡೆಗೇ ಎಸೆಯುತ್ತವೆ. ಹಲಗೆ ಹೊಟ್ಟೆಗೋ ಎದೆಗೋ ಬಡಿಯುತ್ತದೆ. ಹಲಗೆಯನ್ನು ಒತ್ತಿ ಹಿಡಿದಿದ್ದ ಕೈ ಆಸರೆ ತಪ್ಪಿ ಅಲಗಿನ ಮೇಲೆ ಬೀಳುತ್ತದೆ. ಇದೆಲ್ಲ ನಡೆಯುವುದು ರೆಪ್ಪೆ ಬಡಿಯುವುದರೊಳಗೆ.

ಮರ ಹೆರೆಯುವ ಯಂತ್ರದ ಕಥೆಯೂ ಇಂಥದೇ. ಹಳೆಯ ಯಂತ್ರಗಳಲ್ಲಿ ಅಲಗುಗಳನ್ನು ಚೌಕಾಕಾರದ ಉಕ್ಕಿನ ದಿಂಡಿಗೆ ಬಿಗಿಯುತ್ತಿದ್ದರು. ಚೌಕದ ಮೂಲೆಗಳ ನಡುವಿನ ತೆರವು ದೊಡ್ಡದಾದ್ದರಿಂದ ಕೈ ಜಾರಿದರೆ ಬೆರಳುಗಳು ಆಳಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಅದೇ ದಿಂಡನ್ನು ದುಂಡಗೆ ಮಾಡಿದರೆ ಕೈ ಜಾರಿದರೂ ಬೆರಳ ತುದಿ ಮಾತ್ರ ತರಚುತ್ತದೆ. ಇದಕ್ಕೆ ಹೊಸ ವಿಜ್ಞಾನವೇನೂ ಬೇಕಿರಲಿಲ್ಲ. ಆದರೆ ಯಂತ್ರ ಬದಲಾಯಿಸಲು ಹಣ ಬೇಕು, ಹಣ ಮಾಲಿಕನ ಜೇಬಿನಿಂದ ಬರಬೇಕು. ಬೆರಳಾದರೋ ಕೂಲಿಕಾರನದು.

ಬೆರಳಿನ ದರಪಟ್ಟಿ

ಬ್ರಿಟನ್ನಿನಲ್ಲಿ 1844ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳ ಯಂತ್ರಗಳಿಗೆ ತಡೆ ಹಾಕಬೇಕೆಂದು ವಿಧಿಸಿತು. ಮರಗೆಲಸದ ಯಂತ್ರಗಳಿಗಾಗಿಯೇ ವಿವರವಾದ ನಿಯಮಾವಳಿ ಬಂದದ್ದು 1922ರಲ್ಲಿ. ದುಂಡು ಗರಗಸದ ಮೇಲೆ ಮುಚ್ಚಳ ಇರಬೇಕು, ಕೆಳಭಾಗಕ್ಕೆ ತಡೆ ಇರಬೇಕು, ಸೀಳು ಮುಚ್ಚಿಕೊಳ್ಳದಂತೆ ಅಲಗಿನ ಹಿಂದೆ ತೆಳುವಾದ ಉಕ್ಕಿನ ತಗಡು ನಿಂತಿರಬೇಕು, ಕೈಯಿಂದ ಹಲಗೆ ತಳ್ಳುವ ಹೆರೆಯುವ ಯಂತ್ರಕ್ಕೆ ದುಂಡು ದಿಂಡೇ ಇರಬೇಕು, ಯಂತ್ರದ ಎದುರು ನಿಲ್ಲುವವನಿಗೆ ತರಬೇತಿ ಕೊಟ್ಟಿರಬೇಕು ಎಂದು ಆ ನಿಯಮಗಳು ಹೇಳಿದವು. ಪೋರ್ಟ್ಸ್‌ಮತ್‌ನ ಯಂತ್ರಗಳು ಬಂದು ಆಗಲೇ ನೂರು ವರ್ಷ ದಾಟಿತ್ತು.

ತಡೆಯುವ ಕಾನೂನಿಗಿಂತ ಮೊದಲೇ ಬೇರೊಂದು ಕಾನೂನು ಬಂದಿತ್ತು. ಗಾಯವಾದ ಮೇಲೆ ಎಷ್ಟು ಕೊಡಬೇಕು ಎಂಬುದನ್ನು ಹೇಳುವ ಕಾನೂನು ಅದು. ಜರ್ಮನಿಯಲ್ಲಿ ಬಿಸ್ಮಾರ್ಕನ ಸರಕಾರ 1884ರಲ್ಲಿ ಅಪಘಾತ ವಿಮೆಯನ್ನು ತಂದಿತು. ಬ್ರಿಟನ್ 1897ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಮಾಡಿತು. ಭಾರತಕ್ಕೆ ಅಂಥ ಕಾಯ್ದೆ 1923ರಲ್ಲಿ ಬಂತು.

ಆ ಭಾರತೀಯ ಕಾಯ್ದೆಯ ಅನುಬಂಧವನ್ನು ಒಮ್ಮೆಯಾದರೂ ಓದಬೇಕು. ತಿದ್ದುಪಡಿಗಳೊಂದಿಗೆ ಬಹುಕಾಲ ಜಾರಿಯಲ್ಲಿದ್ದ ಆ ಪಟ್ಟಿಯಲ್ಲಿ ಮನುಷ್ಯನ ಕೈಯನ್ನು ಗೆಣ್ಣು ಗೆಣ್ಣಾಗಿ ಬಿಡಿಸಿ ಲೆಕ್ಕ ಹಾಕಲಾಗಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯ ಶೇ. 30 ನಷ್ಟ. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50. ತೋರುಬೆರಳು ಪೂರ್ತಿ ಹೋದರೆ ಶೇ. 14, ಅದರ ಒಂದು ಗೆಣ್ಣು ಹೋದರೆ ಶೇ. 9. ನಡುಬೆರಳಿಗೆ ಶೇ. 12. ಉಂಗುರಬೆರಳಿಗೆ ಅಥವಾ ಕಿರುಬೆರಳಿಗೆ ಶೇ. 7. ಮೂಳೆ ಉಳಿದು ತುದಿ ಮಾತ್ರ ಹೋದರೆ ಅದಕ್ಕೂ ಒಂದು ಅಂಕಿ.

ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಈ ಪಟ್ಟಿಯನ್ನು ಬರಿದೇ ಕ್ರೂರವೆಂದು ತಳ್ಳಿಹಾಕುವುದೂ ಸರಿಯಲ್ಲ. ಇದಕ್ಕೂ ಮೊದಲು ಬೆರಳು ಕಳೆದುಕೊಂಡವನು ಪರಿಹಾರ ಬೇಕಾದರೆ ಮಾಲಿಕನ ತಪ್ಪನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಿತ್ತು. ನಿನ್ನ ಅಜಾಗರೂಕತೆಯಿಂದಲೇ ಆಯಿತು ಎಂದು ಮಾಲಿಕ ಹೇಳಿದರೆ ಬಡವನ ಮಾತು ನಿಲ್ಲುತ್ತಿರಲಿಲ್ಲ. ಪರಿಹಾರ ಕಾಯ್ದೆಯು ತಪ್ಪು ಯಾರದು ಎಂಬ ಜಗಳವನ್ನು ಬಹುಮಟ್ಟಿಗೆ ಬದಿಗಿಟ್ಟು, ಕೆಲಸದಲ್ಲಿ ಆದ ಗಾಯಕ್ಕೆ ಕೆಲಸ ಕೊಟ್ಟವನೇ ಹೊಣೆ ಎಂದಿತು. ಬೆರಳಿಗೆ ಬೆಲೆ ಕಟ್ಟಿದ ಮೇಲೆ ಗರಗಸದ ಮುಚ್ಚಳ ಅಗ್ಗವಾಗಿ ಕಾಣತೊಡಗಿತು. ವಿಮೆ ಕಂಪೆನಿಗಳೂ ಮಾಲಿಕರನ್ನು ಎಚ್ಚರಿಸತೊಡಗಿದವು.

ಕಾರ್ಖಾನೆಯಿಂದ ಮನೆಗೆ

20ನೇ ಶತಮಾನದಲ್ಲಿ ಯಂತ್ರ ಕಾರ್ಖಾನೆಯ ಬಾಗಿಲು ದಾಟಿ ಮನೆಯೊಳಗೆ ಬಂತು. ಅಮೆರಿಕದ ಮನೆಗಳಿಗೆ ವಿದ್ಯುತ್ತು ತಲುಪಿತ್ತು. ಸಣ್ಣ ಮೋಟಾರುಗಳು ಅಗ್ಗವಾಗಿದ್ದವು. ಎರಡನೇ ಮಹಾಯುದ್ಧ ಮುಗಿದು ಮನೆಗೆ ಮರಳಿದವರು ಊರ ಹೊರವಲಯಗಳಲ್ಲಿ ಸ್ವಂತ ಮನೆ ಮಾಡಿಕೊಂಡರು, ಪಕ್ಕದಲ್ಲಿ ಕಾರು ನಿಲ್ಲಿಸುವ ಕೋಣೆ ಇತ್ತು. ಜರ್ಮನಿಯಿಂದ ವಲಸೆ ಬಂದಿದ್ದ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಕ್ಯಾಲಿಫೋರ್ನಿಯಾದಲ್ಲಿ ‘ಶಾಪ್‌ಸ್ಮಿತ್’ ಎಂಬ ಯಂತ್ರವನ್ನು ರೂಪಿಸಿ 1947ರಲ್ಲಿ ಮಾರುಕಟ್ಟೆಗೆ ತಂದ. ಸೀಳುವುದು, ಕಡೆಯುವುದು, ತೂತು ಕೊರೆಯುವುದು, ಉಜ್ಜುವುದು ಎಲ್ಲವನ್ನೂ ಒಂದೇ ಯಂತ್ರ ಮಾಡುತ್ತಿತ್ತು. ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಗೆ ಬ್ಯಾರಿ ಬಕ್ನೆಲ್ ಬಿಬಿಸಿ ದೂರದರ್ಶನದಲ್ಲಿ ಮನೆಗೆಲಸವನ್ನು ತಾವೇ ಮಾಡಿಕೊಳ್ಳುವುದನ್ನು ಕಲಿಸಿ ಮನೆಮಾತಾದ.

ಹೀಗೆ ಲಕ್ಷಾಂತರ ಮಂದಿ ಹವ್ಯಾಸಿ ಬಡಗಿಗಳಾದರು. ಹಗಲು ಕಚೇರಿಯಲ್ಲಿ ಕಡತ ನೋಡುವವರು ರಾತ್ರಿ ಹಲಗೆ ಸೀಳತೊಡಗಿದರು. ಆದರೆ ಕಾರ್ಖಾನೆಯ ಯಂತ್ರ ಮನೆಗೆ ಬಂದಾಗ ಕಾರ್ಖಾನೆಯ ಕಾನೂನು ಅದರ ಜೊತೆ ಬರಲಿಲ್ಲ. ಮನೆಗೆ ತಪಾಸಣಾಧಿಕಾರಿ ಬರುವುದಿಲ್ಲ. ಹವ್ಯಾಸಿಗೆ ಮಾಲಿಕನೂ ಇಲ್ಲ, ಪರಿಹಾರವೂ ಇಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ 1922ರಲ್ಲೇ ಕಡ್ಡಾಯವಾಗಿದ್ದ ಅಲಗಿನ ಹಿಂದಿನ ಆ ಉಕ್ಕಿನ ತಗಡು ಅಮೆರಿಕದಲ್ಲಿ ಮಾರಾಟವಾಗುವ ಹೊಸ ಮೇಜು ಗರಗಸಗಳ ಸುರಕ್ಷತಾ ಮಾನದಂಡದ ಭಾಗವಾದದ್ದು 2008ರ ಹೊತ್ತಿಗೆ. ಒಂದು ತುಂಡು ತಗಡು ಅಟ್ಲಾಂಟಿಕ್ ಸಾಗರ ದಾಟಲು 86 ವರ್ಷ ಹಿಡಿಯಿತು.

ಕಾನೂನು ಇಲ್ಲದ ಕಡೆ ಮಾತೇ ಕಾನೂನಿನ ಕೆಲಸ ಮಾಡಬೇಕಾಯಿತು. ಹವ್ಯಾಸಿಗಳ ಸಂಘಗಳು, ಪತ್ರಿಕೆಗಳು, ದೂರದರ್ಶನದ ಕಾರ್ಯಕ್ರಮಗಳು ಆ ಹೊಣೆ ಹೊತ್ತವು. ಅಮೆರಿಕದಲ್ಲಿ 1989ರಿಂದ 2009ರವರೆಗೆ ‘ದಿ ನ್ಯೂ ಯಾಂಕೀ ವರ್ಕ್‌ಶಾಪ್’ ಎಂಬ ಕಾರ್ಯಕ್ರಮ ನಡೆಸಿಕೊಟ್ಟ ನಾರ್ಮ್ ಅಬ್ರಾಮ್ ಕೆಲಸ ಶುರುಮಾಡುವ ಮೊದಲು ಸುರಕ್ಷತೆಯ ಮಾತನ್ನು, ವಿಶೇಷವಾಗಿ ಕಣ್ಣಿನ ರಕ್ಷಣೆಯ ಮಾತನ್ನು ಹೇಳುತ್ತಿದ್ದರು. ವಾರ ವಾರವೂ ಅದೇ ಮಾತು. ಕೇಳುವವರಿಗೆ ಬಾಯಿಪಾಠವಾಗಿತ್ತು. ಒಳ್ಳೆಯ ಅಭ್ಯಾಸಗಳು ನೆಲೆಯೂರುವುದು ಹೀಗೆಯೇ.

ಮೂಗಿಗೆ ಸೇರಿದ ಧೂಳು

ಗರಗಸದ ಗಾಯ ಕಣ್ಣಿಗೆ ಕಾಣುತ್ತದೆ. ಧೂಳಿನ ಗಾಯ ಕಾಣುವುದಿಲ್ಲ. ಆದ್ದರಿಂದ ಅದು ಬೆಳಕಿಗೆ ಬರಲು ಇನ್ನಷ್ಟು ಕಾಲ ಬೇಕಾಯಿತು.

ಇಂಗ್ಲೆಂಡಿನ ಹೈ ವಿಕೂಮ್ ಕುರ್ಚಿಗಳಿಗೆ ಹೆಸರಾದ ಊರು. ಸುತ್ತಲಿನ ಚಿಲ್ಟರ್ನ್ ಬೆಟ್ಟಗಳ ಬೀಚ್ ಮರದಿಂದ ಅಲ್ಲಿ ತಲೆಮಾರುಗಳಿಂದ ಕುರ್ಚಿ ಮಾಡುತ್ತಿದ್ದರು. ಹಿಂದೆ ಕುರ್ಚಿಯ ಕಾಲುಗಳನ್ನು ಕಡೆಯುವವರು ಕಾಡಿನಲ್ಲೇ ಗುಡಿಸಲು ಹಾಕಿಕೊಂಡು, ಕಾಲಿನಿಂದ ತುಳಿದು ನಡೆಸುವ ಯಂತ್ರದಲ್ಲಿ ಹಸಿಮರವನ್ನು ಕಡೆಯುತ್ತಿದ್ದರು. ಹಸಿಮರದಿಂದ ಒದ್ದೆ ಚಕ್ಕೆ ಉದುರುತ್ತದೆ, ಧೂಳು ಕಡಿಮೆ. ಕೆಲಸ ಕಾರ್ಖಾನೆಯೊಳಗೆ ಸೇರಿ, ಒಣಮರವನ್ನು ವೇಗದ ಯಂತ್ರಗಳಿಂದ ಕಡೆದು ಉಜ್ಜತೊಡಗಿದ ಮೇಲೆ ಗಾಳಿಯಲ್ಲಿ ಹಿಟ್ಟಿನಂಥ ಧೂಳು ತುಂಬಿಕೊಂಡಿತು.

1960ರ ದಶಕದಲ್ಲಿ ಆ ಊರಿನ ಕಿವಿ-ಮೂಗು-ಗಂಟಲು ಶಸ್ತ್ರಚಿಕಿತ್ಸಕಿ ಎಸ್ಮೆ ಹ್ಯಾಡ್‌ಫೀಲ್ಡ್ ಒಂದು ವಿಚಿತ್ರವನ್ನು ಗಮನಿಸಿದರು. ಮೂಗಿನೊಳಗಿನ ಒಂದು ಬಗೆಯ ಕ್ಯಾನ್ಸರ್ ಬಹಳ ಅಪರೂಪದ್ದು. ಒಬ್ಬ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಅಂಥ ಒಂದೆರಡು ರೋಗಿಗಳನ್ನು ಕಂಡರೆ ಹೆಚ್ಚು. ಆದರೆ ಇಲ್ಲಿ ಅಂಥ ರೋಗಿಗಳು ಮತ್ತೆ ಮತ್ತೆ ಬರುತ್ತಿದ್ದರು, ಹೆಚ್ಚಿನವರು ಪೀಠೋಪಕರಣ ಕಾರ್ಖಾನೆಗಳ ಕೆಲಸಗಾರರು. ಡೊನಾಲ್ಡ್ ಅಚೆಸನ್ ಮತ್ತು ಆಕ್ಸ್‌ಫರ್ಡಿನ ಮ್ಯಾಕ್‌ಬೆತ್ ಅವರೊಂದಿಗೆ ಸೇರಿ ಹ್ಯಾಡ್‌ಫೀಲ್ಡ್ ಇದರ ಬೆನ್ನುಹತ್ತಿದರು. 1967 ಮತ್ತು 1968ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಅವರ ಲೇಖನಗಳು ಪ್ರಕಟವಾದವು. ಮರದ ಧೂಳಿನ ನಡುವೆ ದುಡಿದವರಲ್ಲಿ ಈ ಕ್ಯಾನ್ಸರ್ ಉಳಿದವರಿಗಿಂತ ಬಹುಪಟ್ಟು ಹೆಚ್ಚೆಂದು ಅವು ತೋರಿಸಿದವು. ಧೂಳು ಕುಡಿದದ್ದಕ್ಕೂ ರೋಗ ಕಾಣಿಸಿಕೊಂಡದ್ದಕ್ಕೂ ನಡುವೆ ದಶಕಗಳೇ ಉರುಳಿರುತ್ತಿದ್ದವು. ಕಾರಣವನ್ನೂ ಪರಿಣಾಮವನ್ನೂ ಜೋಡಿಸಿ ನೋಡುವುದು ಅದಕ್ಕೇ ಕಷ್ಟವಾಗಿತ್ತು.

1969ರಲ್ಲಿ ಬ್ರಿಟನ್ ಇದನ್ನು ಔದ್ಯೋಗಿಕ ಕಾಯಿಲೆಯೆಂದು ಒಪ್ಪಿಕೊಂಡಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ, ಕಲ್ನಾರು ಇರುವುದೂ ಅದೇ ಗುಂಪಿನಲ್ಲಿ. ಇಂದು ಹವ್ಯಾಸಿಯೊಬ್ಬ ಮರ ಉಜ್ಜುವ ಮೊದಲು ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳುವುದರ ಹಿಂದೆ ಹೈ ವಿಕೂಮ್‌ನ ಆ ಕುರ್ಚಿ ಕೆಲಸಗಾರರಿದ್ದಾರೆ. ತಮ್ಮ ಕಾಯಿಲೆಯಿಂದ ಜಗತ್ತಿಗೆ ಪಾಠ ಕಲಿಸಿದ್ದೇವೆಂದು ಅವರಲ್ಲಿ ಹಲವರಿಗೆ ಗೊತ್ತೂ ಇರಲಿಲ್ಲ.

ಎಣ್ಣೆ ಬಟ್ಟೆಯ ವಿಷಯವನ್ನೂ ಇಲ್ಲೇ ಹೇಳಬಹುದು. ಮರಕ್ಕೆ ಹೊಳಪು ಕೊಡುವ ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಬೆರೆತು ಒಣಗುತ್ತದೆ. ಹಾಗೆ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಹರಡಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಇಟ್ಟರೆ ಒಳಗೇ ಕೂಡಿ ಕೊನೆಗೆ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿ 23ರಂದು ಒಂದು ಗಗನಚುಂಬಿ ಕಟ್ಟಡದ 22ನೇ ಮಹಡಿಯಲ್ಲಿ ಮರದ ಹೊದಿಕೆಗೆ ಹೊಳಪು ಕೊಟ್ಟವರು ಬಿಟ್ಟುಹೋದ ಇಂಥ ಬಟ್ಟೆಗಳಿಂದ ಬೆಂಕಿ ಎದ್ದಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು.

ಒಬ್ಬ ಹವ್ಯಾಸಿಯ ಉಪಾಯ

ಇಷ್ಟು ಹೊತ್ತು ಕೂಲಿಕಾರರಿಂದ ಹವ್ಯಾಸಿಗಳಿಗೆ ಹರಿದ ತಿಳುವಳಿಕೆಯ ಮಾತಾಯಿತು. ಒಮ್ಮೆ ಅದು ಎದುರು ದಿಕ್ಕಿನಲ್ಲೂ ಹರಿಯಿತು.

ಅಮೆರಿಕದ ಒರೆಗಾನ್ ರಾಜ್ಯದ ಸ್ಟೀವ್ ಗಾಸ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಪೇಟೆಂಟ್ ವಕೀಲರಾಗಿದ್ದವರು, ಬಿಡುವಿನಲ್ಲಿ ಮರಗೆಲಸ ಮಾಡುವವರು. 1999ರಲ್ಲಿ ಅವರಿಗೆ ಒಂದು ಯೋಚನೆ ಹೊಳೆಯಿತು. ಒಣಮರದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ, ಮನುಷ್ಯನ ದೇಹದಲ್ಲಿ ಹರಿಯುತ್ತದೆ. ಗರಗಸದ ಅಲಗಿಗೆ ಸಣ್ಣದೊಂದು ವಿದ್ಯುತ್ ಸಂಕೇತ ಕೊಟ್ಟಿಟ್ಟರೆ, ಬೆರಳು ತಗುಲಿದ ಕ್ಷಣ ಸಂಕೇತದಲ್ಲಿ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸ ಕಂಡೊಡನೆ ಸ್ಪ್ರಿಂಗ್ ಒಂದು ಅಲ್ಯೂಮಿನಿಯಂ ದಿಮ್ಮಿಯನ್ನು ಅಲಗಿನ ಹಲ್ಲುಗಳಿಗೆ ನೂಕುತ್ತದೆ. ಅಲಗು ಸುಮಾರು 5 ಮಿಲಿಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗದಲ್ಲಿ ನಿಲ್ಲುತ್ತದೆ. ಬೆರಳು ಹೋಗುವ ಬದಲು ಸಣ್ಣದೊಂದು ತರಚು ಗಾಯವಾಗುತ್ತದೆ. ಮೊದಲು ಮಾಂಸದ ಸಾಸೇಜನ್ನು ಒಡ್ಡಿ ಪರೀಕ್ಷಿಸಿದ ಗಾಸ್ ಕೊನೆಗೆ ತಮ್ಮ ಬೆರಳನ್ನೇ ಒಡ್ಡಿ ತೋರಿಸಿದರು.

ಅವರು ಈ ಉಪಾಯವನ್ನು ದೊಡ್ಡ ತಯಾರಕರ ಮುಂದಿಟ್ಟರು. ಮಾತುಕತೆ ಫಲಿಸಲಿಲ್ಲ. ಕೊನೆಗೆ ಗಾಸ್ ಮತ್ತು ಸಂಗಡಿಗರು ‘ಸಾಸ್ಟಾಪ್’ ಎಂಬ ಹೆಸರಿನಲ್ಲಿ ತಾವೇ ಗರಗಸ ತಯಾರಿಸಿ 2004ರಲ್ಲಿ ಮಾರಾಟ ಶುರುಮಾಡಿದರು. ಇಂಥ ವ್ಯವಸ್ಥೆಯನ್ನು ಎಲ್ಲ ಮೇಜು ಗರಗಸಗಳಿಗೂ ಕಡ್ಡಾಯ ಮಾಡಬೇಕೆಂದು 2003ರಲ್ಲೇ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗಕ್ಕೆ ಮನವಿ ಕೊಟ್ಟಿದ್ದರು. ಮೇಜು ಗರಗಸಗಳಿಂದ ಆ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಅಂಗಚ್ಛೇದಗಳಾಗುತ್ತವೆಂದು ಆಯೋಗವೇ ಅಂದಾಜು ಮಾಡಿತ್ತು. ತಯಾರಕರ ವಾದವೂ ಪೂರ್ತಿ ಹುರುಳಿಲ್ಲದ್ದೇನಲ್ಲ. ಬೆಲೆ ಹೆಚ್ಚುತ್ತದೆ, ಬಡವರಿಗೆ ಗರಗಸ ಕೈಗೆಟಕದು, ಪೇಟೆಂಟ್‌ಗಳೆಲ್ಲ ಒಬ್ಬರ ಬಳಿಯೇ ಇರುವಾಗ ಕಡ್ಡಾಯ ಮಾಡಿದರೆ ಏಕಸ್ವಾಮ್ಯವಾಗುತ್ತದೆ ಎಂದರು.

2010ರಲ್ಲಿ ಬಾಸ್ಟನ್ನಿನ ನ್ಯಾಯಾಲಯವೊಂದರಲ್ಲಿ ತೀರ್ಪುಗಾರರ ಮಂಡಳಿ, ಅಗ್ಗದ ಗರಗಸದಿಂದ ಕೈಗೆ ತೀವ್ರ ಗಾಯ ಮಾಡಿಕೊಂಡ ನೆಲಹಾಸು ಕೆಲಸಗಾರನೊಬ್ಬನಿಗೆ 15 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಸುರಕ್ಷತೆಯ ಉಪಾಯ ಗೊತ್ತಿದ್ದೂ ಅಳವಡಿಸದಿರುವುದು ತಯಾರಕರ ಲೋಪ ಎಂಬುದು ಆ ತೀರ್ಪಿನ ಸಾರ. ಮುಂದೆ 2024ರಲ್ಲಿ, ನಿಯಮ ಜಾರಿಗೆ ಬಂದರೆ ತನ್ನ ಮುಖ್ಯ ಪೇಟೆಂಟ್ ಒಂದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವುದಾಗಿ ಸಾಸ್ಟಾಪ್ ಹೇಳಿತು. ಮನವಿ ಕೊಟ್ಟು ಆಗಲೇ 21 ವರ್ಷಗಳಾಗಿದ್ದವು, ನಿಯಮ ಮಾತ್ರ ಬಂದಿರಲಿಲ್ಲ. ಉಪಾಯ ಹೊಳೆಯಲು ಒಂದು ದಿನ ಸಾಕಾಗಿರಬಹುದು. ಅದರ ಖರ್ಚು ಯಾರು ಹೊರಬೇಕು ಎಂಬ ತಕರಾರಿಗೆ ಎರಡು ದಶಕಗಳೂ ಸಾಲಲಿಲ್ಲ.

ನಮ್ಮ ಊರಿನ ಬಡಗಿ

ಈಗ ನಮ್ಮ ಕಡೆ ನೋಡೋಣ. ಬೆಂಗಳೂರಿನಂಥ ನಗರಗಳಲ್ಲಿ ಹವ್ಯಾಸಿ ಬಡಗಿಗಳು ಹೆಚ್ಚುತ್ತಿದ್ದಾರೆ. ವಾರಾಂತ್ಯದ ಮರಗೆಲಸದ ತರಗತಿಗಳಿವೆ. ಅಲ್ಲಿ ಮೊದಲ ಪಾಠವೇ ಸುರಕ್ಷತೆಯದು. ಇದು ಸಂತೋಷದ ವಿಷಯ.

ಆದರೆ ಆ ಹವ್ಯಾಸಿಯ ಮನೆಯ ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟುಗಳನ್ನು ಮಾಡಿಕೊಟ್ಟ ಬಡಗಿಯ ಸ್ಥಿತಿ ಹೇಗಿದೆ? ಕಟ್ಟುತ್ತಿರುವ ಯಾವುದೇ ಮನೆಗೆ ಹೋಗಿ ನೋಡಿ. ಕಲ್ಲು ಕತ್ತರಿಸಲು ತಯಾರಾದ ಕೈಯಂತ್ರಕ್ಕೆ ಮರದ ಅಲಗು ಹಾಕಿ, ಮುಚ್ಚಳ ಕಿತ್ತು, ಪ್ಲೈವುಡ್ ಹಲಗೆಯ ಅಡಿಯಲ್ಲಿ ತಲೆಕೆಳಗಾಗಿ ಬಿಗಿದಿರುತ್ತಾರೆ. ಅದೇ ಮೇಜು ಗರಗಸ. ಅಲಗಿನ ಹಿಂದೆ ತಗಡಿಲ್ಲ, ಮೇಲೆ ಮುಚ್ಚಳವಿಲ್ಲ, ಗುಂಡಿ ಒತ್ತಿ ನಿಲ್ಲಿಸಬೇಕಾದರೆ ಮೇಜಿನ ಅಡಿಗೆ ಬಗ್ಗಬೇಕು. ಕಾಲಲ್ಲಿ ಹವಾಯಿ ಚಪ್ಪಲಿ. ಮೂಗಿಗೆ ಕಟ್ಟಿದ್ದರೆ ಒಂದು ಕರವಸ್ತ್ರ. ಪ್ಲೈವುಡ್, ಎಂಡಿಎಫ್ ಹಲಗೆಗಳ ಧೂಳಿನಲ್ಲಿ ಮರದ ಜೊತೆಗೆ ಅಂಟಿನ ಫಾರ್ಮಾಲ್ಡಿಹೈಡ್ ಕೂಡ ಇರುತ್ತದೆ. ಅದೂ ಕ್ಯಾನ್ಸರ್‌ಕಾರಕಗಳ ಅದೇ ಮೊದಲ ಗುಂಪಿಗೆ ಸೇರಿದ್ದು.

ಆ ಬಡಗಿಗೆ ಅಪಾಯ ಗೊತ್ತಿಲ್ಲವೆಂದು ತಿಳಿಯಬಾರದು. ನಮಗಿಂತ ಚೆನ್ನಾಗಿ ಗೊತ್ತು. ಆದರೆ ಆತನ ಕೂಲಿ ಚದರಡಿ ಲೆಕ್ಕದ್ದು. ಮುಚ್ಚಳವಿದ್ದರೆ ಕೆಲಸ ನಿಧಾನ, ನಿಧಾನವಾದರೆ ಕೂಲಿ ಕಡಿಮೆ. ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ, ನಿಕಾಹ್‌ಗೆ ಮೊದಲು ಮನೆ ಮುಗಿಯಬೇಕಾಗಿರುತ್ತದೆ. ರಾತ್ರಿ ಹತ್ತು ಗಂಟೆಗೆ ಕಣ್ಣು ಎಳೆಯುವಾಗ ಹವ್ಯಾಸಿ ಯಂತ್ರ ನಿಲ್ಲಿಸಿ ಊಟಕ್ಕೆ ಹೋಗುತ್ತಾನೆ. ಬಡಗಿ ಇನ್ನೊಂದು ಹಲಗೆ ಸೀಳುತ್ತಾನೆ.

ಕಾನೂನು ಕೂಡ ಆತನನ್ನು ಹೊರಗೇ ನಿಲ್ಲಿಸಿತು. 1948ರ ಕಾರ್ಖಾನೆ ಕಾಯ್ದೆ ಯಂತ್ರಗಳಿಗೆ ತಡೆ ಹಾಕುವುದನ್ನು ಕಡ್ಡಾಯ ಮಾಡಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಮೂರು ನಾಲ್ಕು ಮಂದಿಯ ಬಡಗಿ ಅಂಗಡಿಗಳು ಆ ಲೆಕ್ಕಕ್ಕೆ ಬರಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು, ಮೈಸೂರಿನಲ್ಲಿ ಬೀಟೆಮರದ ಇನ್‌ಲೇ ಕೆಲಸ ಮಾಡುವವರು ಹೆಚ್ಚಾಗಿ ಮನೆಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ಕುಳಿತು ದುಡಿಯುವವರು. ಅವರಲ್ಲಿ ವಿಶ್ವಕರ್ಮರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಬೀಟೆಯಂಥ ಮರಗಳ ಧೂಳು ಕೆಲವರಲ್ಲಿ ಚರ್ಮದ ತುರಿಕೆಯನ್ನೂ ಉಂಟುಮಾಡುತ್ತದೆ. ಅವರ ಕೈಯಿಂದ ಬಂದ ವಸ್ತುಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆ ಕೈಗಳ ರಕ್ಷಣೆಗೆ ಅಂಥ ಗಟ್ಟಿ ಏರ್ಪಾಡು ಆಗಿಲ್ಲ.

ಕಟ್ಟಡಗಳಲ್ಲಿ ಕೆಲಸ ಮಾಡುವ ಬಡಗಿಗಳಿಗೆ ಒಂದು ಆಸರೆ ಇದೆ. ರಾಜ್ಯದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರು ನೋಂದಾಯಿಸಿಕೊಳ್ಳಬಹುದು. ನೋಂದಾಯಿತರಿಗೆ ಅಪಘಾತ ಪರಿಹಾರ ಮುಂತಾದ ಸೌಲಭ್ಯಗಳಿವೆ. ಊರಿನ ಸಂಘಟನೆಗಳು, ಮಸೀದಿಯ ಜಮಾಅತ್‌ಗಳು, ಯುವಕ ಮಂಡಲಗಳು ತಮ್ಮ ಬಡಾವಣೆಯ ಬಡಗಿಗಳ ಅರ್ಜಿ ತುಂಬಿಸಿಕೊಡುವ ಕೆಲಸ ಮಾಡಿದರೆ ಅದು ದೊಡ್ಡ ಉಪಕಾರವಾದೀತು.

ಕೆಲಸ ಮಾಡಿಸುವವರ ಪಾಲೂ ಇದರಲ್ಲಿದೆ. ಮನೆ ಕಟ್ಟಿಸುವಾಗ ನಾವು ಚದರಡಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತೇವೆ, ಕೀಲಿನ ಕಂಪೆನಿ ಯಾವುದು, ಪ್ಲೈವುಡ್ ಯಾವ ದರ್ಜೆಯದು ಎಂದು ವಿಚಾರಿಸುತ್ತೇವೆ. ಗರಗಸಕ್ಕೆ ಮುಚ್ಚಳವಿದೆಯೇ ಎಂದು ಕೇಳುವವರು ಕಡಿಮೆ. ಎರಡು ಕನ್ನಡಕ, ಒಳ್ಳೆಯ ಮಾಸ್ಕ್, ಹಲಗೆ ತಳ್ಳಲು ಅಲ್ಲೇ ಬಿದ್ದ ತುಂಡಿನಿಂದ ಮಾಡಿದ ಒಂದು ಕೋಲು, ಕತ್ತಲಾದ ಮೇಲೆ ಯಂತ್ರ ನಡೆಸಬೇಡಿ ಎಂಬ ಒಂದು ಮಾತು. ಇದಕ್ಕೆ ತಗಲುವ ಖರ್ಚು ಬಾಗಿಲಿನ ಹಿತ್ತಾಳೆ ಹಿಡಿಕೆಯಷ್ಟೂ ಆಗುವುದಿಲ್ಲ. ಕೆಲಸದ ಅಂದಾಜು ಪಟ್ಟಿಯಲ್ಲಿ ಮೊಳೆ, ಅಂಟು, ಮರಳುಕಾಗದಗಳ ಕೆಳಗೆ ಇದಕ್ಕೂ ಒಂದು ಸಾಲು ಬರೆಸಬೇಕು. ನಾಲ್ಕು ದಿನ ತಡವಾದರೂ ಚಿಂತೆಯಿಲ್ಲ ಎಂದು ಬಡಗಿಗೆ ಬಾಯಿಬಿಟ್ಟು ಹೇಳಬೇಕು. ಸುಲ್ತಾನನಿಗಿದ್ದ ‘ಇವತ್ತಿಗೆ ಸಾಕು’ ಎನ್ನುವ ಅಧಿಕಾರ ನಮ್ಮ ಮನೆಯ ಮಟ್ಟಿಗಾದರೂ ಆತನಿಗೆ ಸಿಗುವುದು ಹಾಗೆ.